ಕರೆಯದೇ ಬಂದವರು

ಬೀಗದ ಕೈ ಕೊಡುವಾಗ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಹೊಸ ಕೋಚ್ ಹೇಳಿದ್ದು ಎರಡೇ ಮಾತು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದಿರಬೇಕು. ಯಾರು ಬಂದರು, ಯಾರು ಬರಲಿಲ್ಲ ಅಂತ ದಿನಾ ಬರೆದಿಡಬೇಕು.

ಅದು 2013ರ ಜನವರಿ. ಅಮೆರಿಕದ ಕಾನ್ಸಸ್ ರಾಜ್ಯದ ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲೋಕೆ ಒಂದು ಗುಡ್ಡವೂ ಇಲ್ಲ. ಹಾಸ್ಟೆಲ್‌ನಿಂದ ಸ್ಟೇಡಿಯಂಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲೇ ಮೀಸೆಯ ಮೇಲೆ ಉಸಿರು ಹೆಪ್ಪುಗಟ್ಟುತ್ತಿತ್ತು. ಗ್ಯಾಲರಿಯ ಕೆಳಗಿದ್ದ ಉದ್ದನೆಯ ಕೋಣೆಯೇ ನಮ್ಮ ವೇಟ್ ರೂಮ್, ಭಾರ ಎತ್ತುವ ಜಾಗ. ದೀಪ ಹಾಕಿದರೆ ಕಬ್ಬಿಣದ ಬಾರ್ ಇಡುವ ಆರು ರ‍್ಯಾಕ್, ಅದರಲ್ಲಿ ಎರಡಕ್ಕೆ ಪಿನ್ ಇಲ್ಲ. ಬಾರ್‌ಗಳಿಗೆ ತುಕ್ಕು ಹಿಡಿದು ಅಂಗೈಗೆ ಕಂದು ಬಣ್ಣ ಅಂಟುತ್ತಿತ್ತು. ಪ್ಲೇಟ್‌ಗಳ ಮೇಲಿನ ಅಂಕಿ ಸವೆದು, ಎತ್ತಿ ನೋಡಿಯೇ ತೂಕ ಹೇಳಬೇಕಿತ್ತು. ಹಿಂದಿನ ಸೀಸನ್‌ನಲ್ಲಿ ಈ ತಂಡ ಹನ್ನೊಂದು ಪಂದ್ಯ ಆಡಿ ಗೆದ್ದದ್ದು ಒಂದು. ನವೆಂಬರ್‌ನಲ್ಲಿ ಹಳೆಯ ಕೋಚ್ ಹೋದರು, ಡಿಸೆಂಬರ್‌ನಲ್ಲಿ ಹೊಸಬರು ಬಂದರು. ಹಳಬರ ಕಾಲದಿಂದ ಉಳಿದವನು ನಾನೊಬ್ಬನೇ, ಅದೂ ಸಂಬಳಕ್ಕಿದ್ದ ನೌಕರನಲ್ಲ, ಗ್ರಾಜುಯೇಟ್ ಅಸಿಸ್ಟೆಂಟ್. ಎಂಎಸ್ ಓದುವ ಫೀಸು ಮಾಫಿ, ಕೈಖರ್ಚಿಗೆ ಒಂದಿಷ್ಟು ಹಣ. ಬದಲಿಗೆ ಹುಡುಗರಿಗೆ ತಾಲೀಮು ಮಾಡಿಸಬೇಕು.

ನಾನು ದಾವಣಗೆರೆಯವನು. ಅಜ್ಜ ಗರಡಿಮನೆಯ ವಸ್ತಾದಿ. ಹನ್ನೆರಡನೇ ವಯಸ್ಸಿಗೇ ಮಟ್ಟಿಯಲ್ಲಿ ಹೊರಳಿದವನು ನಾನು. ಆ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಹಾಕಿ ಹದ ಮಾಡುವುದನ್ನು ಕಲಿತ ಮೇಲೆಯೇ ನನಗೆ ಮೊದಲ ಪಟ್ಟು ಹೇಳಿಕೊಟ್ಟಿದ್ದು. ಬಿಪಿಎಡ್ ಮುಗಿಸಿ ವ್ಯಾಯಾಮ ವಿಜ್ಞಾನ ಓದಲು 2012ರ ಆಗಸ್ಟ್‌ನಲ್ಲಿ ಕಾನ್ಸಸ್‌ಗೆ ಹೋದಾಗ ಅಮೆರಿಕನ್ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಆಟ ಅನ್ನುವಷ್ಟೇ ಗೊತ್ತಿತ್ತು. ಮೊದಲ ಪಂದ್ಯ ನೋಡುತ್ತಿದ್ದಂತೆ ಮನಸ್ಸಿಗೆ ಬಂದದ್ದು ಗರಡಿ. ಒಂದೊಂದು ಕಡೆ ಹನ್ನೊಂದು ಜನ. ನಾಲ್ಕು ಅವಕಾಶದೊಳಗೆ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು. ಮುಂಚೂಣಿಯಲ್ಲಿ ಐದು ಜನ ದೈತ್ಯರು ಎದುರಿನವರನ್ನು ತಳ್ಳಿ ದಾರಿ ಮಾಡುತ್ತಾರೆ. ಚೆಂಡು ಹಿಡಿದು ಓಡುವವನನ್ನೇ ಎಲ್ಲರೂ ನೋಡುತ್ತಾರೆ, ಆದರೆ ಪಂದ್ಯ ನಡೆಯುವುದು ಈ ಐವರ ಕೈಯಲ್ಲಿ, ಸೊಂಟದಲ್ಲಿ. ಒಂದೊಂದು ಆಟವೂ ಐದಾರು ಸೆಕೆಂಡಿನ ಕುಸ್ತಿ. ಒಂದು ಪಂದ್ಯದಲ್ಲಿ ಅಂಥದ್ದು ಅರವತ್ತು ಎಪ್ಪತ್ತು ಸಲ. ನಮ್ಮ ಹುಡುಗರು ಮೊದಲ ಇಪ್ಪತ್ತು ಸಲ ಚೆನ್ನಾಗಿಯೇ ನಿಲ್ಲುತ್ತಿದ್ದರು. ಆಮೇಲೆ ಸೊಂಟ ಮೇಲೆದ್ದು ಬಿಡುತ್ತಿತ್ತು. ಸೊಂಟ ಮೇಲೆದ್ದ ಪೈಲ್ವಾನನನ್ನು ಕೆಡವೋಕೆ ಪಟ್ಟೇ ಬೇಕಿಲ್ಲ.

ನಮ್ಮದು ಎರಡನೇ ಡಿವಿಷನ್ನಿನ ಕಾಲೇಜು. ಟಿವಿಯಲ್ಲಿ ಕಾಣುವ ಲಕ್ಷ ಜನರ ಸ್ಟೇಡಿಯಂ, ಕೋಟಿಗಟ್ಟಲೆ ಸಂಬಳದ ಕೋಚ್‌ಗಳು ಎಲ್ಲ ಮೊದಲನೇ ಡಿವಿಷನ್ನಿನ ಲೋಕ. ಎರಡನೆಯದರಲ್ಲಿ ಫುಟ್‌ಬಾಲಿಗೆ ಹೆಚ್ಚೆಂದರೆ 36 ಪೂರ್ಣ ವಿದ್ಯಾರ್ಥಿವೇತನಕ್ಕೆ ಸಮನಾದ ಹಣ ಕೊಡಬಹುದು. ತಂಡದಲ್ಲಿರುವುದು ನೂರಕ್ಕೆ ಹತ್ತಿರದ ಹುಡುಗರು. ಹಾಗಾಗಿ ಆ 36ನ್ನು ರೊಟ್ಟಿ ಹರಿದಂತೆ ಹರಿಯುತ್ತಾರೆ. ಒಬ್ಬನಿಗೆ ಅರ್ಧ ಫೀಸು, ಇನ್ನೊಬ್ಬನಿಗೆ ಕಾಲು, ಮತ್ತೊಬ್ಬನಿಗೆ ಬರೀ ಪುಸ್ತಕದ ಹಣ. ಏನೂ ಸಿಗದೆ, ಯಾರೂ ಕರೆಯದೆ, ತಾವೇ ಬಂದು 'ನಾನೂ ಆಡ್ತೀನಿ' ಅನ್ನುವವರಿಗೆ ಅಲ್ಲಿ ವಾಕ್-ಆನ್ ಎಂದು ಹೆಸರು. ಕರೆಯದೆ ಬಂದವನಿಗೆ ಮರ್ಯಾದೆ ಇಲ್ಲ ಅನ್ನುವುದು ನಮ್ಮ ಕಡೆ ಮದುವೆಮನೆಯ ಮಾತು. ಆ ಕಾಲೇಜಿನಲ್ಲೂ ಹೆಚ್ಚುಕಡಿಮೆ ಹಾಗೇ ನಡೆಯುತ್ತಿತ್ತು.

ಹೊಸ ಕೋಚ್‌ಗೆ ಎರಡು ಕಥೆಗಳು ಬಾಯಿಪಾಠ. ಒಂದು, ನಮ್ಮ ರಾಜ್ಯದ್ದೇ. ಮ್ಯಾನ್‌ಹಟನ್ ಎಂಬ ಊರಿನ ಕಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1987 ಮತ್ತು 1988ರಲ್ಲಿ ಒಂದೂ ಪಂದ್ಯ ಗೆದ್ದಿರಲಿಲ್ಲ. ಬಿಲ್ ಸ್ನೈಡರ್ ಕೋಚ್ ಆಗಿ ಬಂದ 1989ರಲ್ಲಿ ಗೆದ್ದದ್ದು ಒಂದು, ಮರುವರ್ಷ ಐದು, ಅದರ ಮರುವರ್ಷ ಏಳು. 1998ರಲ್ಲಿ ಮೂವತ್ತು ವರ್ಷಗಳ ನಂತರ ನೆಬ್ರಾಸ್ಕವನ್ನು ಸೋಲಿಸಿದರು. ನಾನು ಅಲ್ಲಿಗೆ ಹೋದ ವರ್ಷ, 2012ರಲ್ಲಿ, ಅದೇ ಸ್ನೈಡರ್ ಎರಡನೇ ಸರದಿಯಲ್ಲಿ ಬಿಗ್ 12 ಎಂಬ ಲೀಗಿನ ಪ್ರಶಸ್ತಿ ಗೆದ್ದಿದ್ದರು. ಅವರ ತಂಡದ ನಡುವಿನಲ್ಲಿ ಸೆಂಟರ್ ಆಗಿ ನಿಲ್ಲುತ್ತಿದ್ದ ಬಿ. ಜೆ. ಫಿನ್ನಿ, ಆಂಡೇಲ್ ಎಂಬ ಸಣ್ಣ ಊರಿನಿಂದ ವಾಕ್-ಆನ್ ಆಗಿ ಬಂದವನು. ಅದೇ ಕಾನ್ಸಸ್ ಸ್ಟೇಟ್‌ಗೆ ಹಿಂದೆ ವಾಕ್-ಆನ್ ಆಗಿ ಬಂದಿದ್ದ ಜೋರ್ಡಿ ನೆಲ್ಸನ್ ಆಗ ಗ್ರೀನ್ ಬೇ ಪ್ಯಾಕರ್ಸ್ ಎಂಬ ವೃತ್ತಿಪರ ತಂಡದ ದೊಡ್ಡ ಹೆಸರು.

ಇನ್ನೊಂದು ಕಥೆ ಪಕ್ಕದ ನೆಬ್ರಾಸ್ಕದ್ದು. ನನ್ನ ಕಸುಬು ಹುಟ್ಟಿದ್ದೇ ಅಲ್ಲಿ ಅನ್ನಬೇಕು. ಬಾಯ್ಡ್ ಎಪ್ಲಿ ಎಂಬ ಪೋಲ್ ವಾಲ್ಟ್ ಹುಡುಗ ಬೆನ್ನು ನೋವಿನಿಂದ ಆಟ ಬಿಟ್ಟು, ತನ್ನಷ್ಟಕ್ಕೆ ತೂಕ ಎತ್ತುತ್ತಿದ್ದ. ಪೆಟ್ಟು ತಿಂದ ಫುಟ್‌ಬಾಲ್ ಹುಡುಗರು ಅವನನ್ನು ನೋಡಿ ತಾವೂ ಎತ್ತತೊಡಗಿದರು. ಅವರು ಮೈದಾನಕ್ಕೆ ಮರಳಿದಾಗ ಮೊದಲಿಗಿಂತ ಗಟ್ಟಿಯಾಗಿರುವುದು ಸಹಾಯಕ ಕೋಚ್ ಟಾಮ್ ಆಸ್ಬೋರ್ನ್ ಕಣ್ಣಿಗೆ ಬಿತ್ತು. ಭಾರ ಎತ್ತಿದರೆ ಮೈ ಬಿಗಿದುಕೊಂಡು ಆಟಗಾರ ನಿಧಾನವಾಗುತ್ತಾನೆ ಎಂದು ಎಲ್ಲರೂ ನಂಬಿದ್ದ ಕಾಲ. 1968ರಲ್ಲಿ ಒಕ್ಲಹೋಮದ ಎದುರು 47-0 ಅಂತರದಲ್ಲಿ ಸೋತಿದ್ದ ನೋವೂ ಇತ್ತು. ಮುಖ್ಯ ಕೋಚ್ ಬಾಬ್ ಡೆವಾನಿ 1969ರಲ್ಲಿ ಒಪ್ಪಿಕೊಂಡರು, ಆದರೆ ಯಾರಾದರೂ ನಿಧಾನವಾದರೆ ನಿನ್ನ ಕೆಲಸ ಹೋಯಿತು ಎಂದು ಎಪ್ಲಿಗೆ ಎಚ್ಚರಿಕೆ ಕೊಟ್ಟೇ ಒಪ್ಪಿದರು. 1970, 1971 ಎರಡೂ ವರ್ಷ ನೆಬ್ರಾಸ್ಕ ರಾಷ್ಟ್ರೀಯ ಚಾಂಪಿಯನ್. 1978ರಲ್ಲಿ ಎಪ್ಲಿ 76 ಜನರನ್ನು ಸೇರಿಸಿ ಕಟ್ಟಿದ ಸಂಘವೇ ಇವತ್ತು ನನ್ನಂಥವರಿಗೆ ಪರೀಕ್ಷೆ ಇಟ್ಟು ಸರ್ಟಿಫಿಕೇಟ್ ಕೊಡುವುದು. ವಾಕ್-ಆನ್‌ಗಳನ್ನು ಬಾಗಿಲು ತೆರೆದು ಬರಮಾಡಿಕೊಂಡ ತಂಡವೂ ಅದೇ. 1973ರಲ್ಲಿ ವಿದ್ಯಾರ್ಥಿವೇತನಕ್ಕೆ 105ರ ಮಿತಿ ಬಂತು, ಆಮೇಲೆ ಇಳಿಯುತ್ತಾ 85ಕ್ಕೆ ನಿಂತಿತು. ಉಳಿದವರು ಕೈ ಚೆಲ್ಲಿದಾಗ ಆಸ್ಬೋರ್ನ್ ಅದೇ ರಾಜ್ಯದ ಹಳ್ಳಿಹಳ್ಳಿಯಿಂದ ಸ್ವಂತ ಖರ್ಚಿನಲ್ಲಿ ಬರುವ ಹುಡುಗರಿಗೂ ಬಾರ್ ಕೊಟ್ಟರು, ಜಾಗ ಕೊಟ್ಟರು. ಅವರು ಮುಖ್ಯ ಕೋಚ್ ಆಗಿದ್ದ 25 ವರ್ಷಗಳಲ್ಲಿ ತಂಡ ಗೆದ್ದದ್ದು 255, ಸೋತದ್ದು 49.

'ನಮ್ಮ ಹತ್ತಿರ ದುಡ್ಡಿಲ್ಲ, ಹೆಸರಿಲ್ಲ. ಇರೋದು ಈ ಕೋಣೆ, ಮತ್ತೆ ಈ ಬಯಲಿನ ಮಕ್ಕಳು' ಅಂದರು ನಮ್ಮ ಕೋಚ್. ನನಗೆ ಅಜ್ಜ ನೆನಪಾದರು. ಗರಡಿಗೆ ಹೊಸದಾಗಿ ಬಂದವನಿಗೆ ಅವರು ಮೊದಲು ಗುದ್ದಲಿ ಕೊಡುತ್ತಿದ್ದರು.

ಹಾಗಾಗಿ ನಮ್ಮ ತಾಲೀಮು ಶುರುವಾದದ್ದು ತಂತಿ ಬ್ರಷ್‌ನಿಂದ. ಒಂದು ಶನಿವಾರ ಬೆಳಿಗ್ಗೆ, ಬರಲೇಬೇಕು ಅಂತಲ್ಲ, ಇಷ್ಟ ಇದ್ದವರು ಬನ್ನಿ ಎಂದೆ. ಬಾರ್‌ಗಳ ತುಕ್ಕು ಉಜ್ಜಿ ಎಣ್ಣೆ ಸವರುವುದು, ಪ್ಲೇಟ್‌ಗಳಿಗೆ ಬಣ್ಣ ಹಚ್ಚಿ ತೂಕ ಬರೆಯುವುದು. ಹದಿನಾಲ್ಕು ಜನ ಬಂದರು. ನನ್ನ ಹಾಜರಿ ಪುಸ್ತಕದಲ್ಲಿ ಅವತ್ತಿನ ಹೆಸರುಗಳು ಈಗಲೂ ಇವೆ. ಪೂರ್ಣ ವಿದ್ಯಾರ್ಥಿವೇತನದವರು ಅದರಲ್ಲಿ ಒಬ್ಬನೂ ಇರಲಿಲ್ಲ. ಒಂಬತ್ತು ಜನ ವಾಕ್-ಆನ್‌ಗಳು.

ಮೊದಲ ವಾರಕ್ಕೆ ನಾನು ಬರೆದ ತಾಲೀಮಿನ ಕಾರ್ಡ್ ನೋಡಿ, ಆಟಗಾರರ ಪೆಟ್ಟು ನೋವು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೇನರ್ ಅದನ್ನು ಕೈಯಲ್ಲೇ ಹಿಡಿದು ನಿಂತರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕಾರ್ಡ್‌ನಲ್ಲಿದ್ದದ್ದು ಹೆಗಲ ಮೇಲೆ ಹೊರೆಯಿಟ್ಟು ಸ್ಕ್ವಾಟ್, ಅಂದರೆ ಬಸ್ಕಿ, ಒಟ್ಟು ಎಂಬತ್ತು ಸಲ. ಗರಡಿಯಲ್ಲಿ ಐನೂರು ಬಸ್ಕಿ ಹೊಡೆದು ಬೆಳೆದವನಿಗೆ ಅದು ಹೆಚ್ಚು ಅನ್ನಿಸಿರಲಿಲ್ಲ. ಅವರು ಕೇಳಿದ್ದು ಇಷ್ಟೇ: 'ಎರಡು ವರ್ಷದ ಹಿಂದೆ ಅಯೋವಾದಲ್ಲಿ ಏನಾಯ್ತು ಗೊತ್ತಾ?' ಗೊತ್ತಿರಲಿಲ್ಲ. 2011ರ ಜನವರಿಯಲ್ಲಿ, ಚಳಿಗಾಲದ ರಜೆ ಮುಗಿಸಿ ಬಂದ ಅಯೋವಾ ವಿಶ್ವವಿದ್ಯಾಲಯದ ಆಟಗಾರರು ತಮ್ಮ ಗರಿಷ್ಠ ತೂಕದ ಅರ್ಧ ಹೊತ್ತು ನೂರು ಸ್ಕ್ವಾಟ್ ಮಾಡಿದರು. ಅದರ ಬೆನ್ನಿಗೆ 13 ಜನ ಆಸ್ಪತ್ರೆ ಸೇರಿದರು. ರ‍್ಯಾಬ್ಡೊಮಯೊಲಿಸಿಸ್ ಅನ್ನುತ್ತಾರೆ. ಸ್ನಾಯು ತಾಳಲಾರದೆ ಒಡೆದು, ಅದರೊಳಗಿನ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಕುತ್ತು ತರುತ್ತದೆ. ಮೂತ್ರ ಕಡು ಟೀ ಬಣ್ಣಕ್ಕೆ ತಿರುಗುತ್ತದೆ. ರೂಢಿ ತಪ್ಪಿದ ಮೈಗೆ ಒಮ್ಮೆಲೇ ಹೊರೆ ಹಾಕುವುದೇ ಇದಕ್ಕೆ ದಾರಿ. ಅಜ್ಜನ ಐನೂರು ಬಸ್ಕಿಯ ಹಿಂದೆ ಏಳೆಂಟು ವರ್ಷಗಳ ಏರಿಕೆ ಇತ್ತು, ಹೆಗಲ ಮೇಲೆ ಕಬ್ಬಿಣ ಇರಲಿಲ್ಲ. ಇದನ್ನು ನಾನೇ ಯೋಚಿಸಬೇಕಿತ್ತು. ಆ ಕಾರ್ಡ್ ಹರಿದು ಹಾಕಿ ಹೊಸದು ಬರೆದೆ. ಮೊದಲ ವಾರ ಅರ್ಧ ಭಾರ, ಎರಡೇ ಸುತ್ತು, ಒಂದೊಂದರಲ್ಲಿ ಐದು ಸಲ. ಹುಡುಗರಿಗೆ ಅವಮಾನವಾದಂತಾಯಿತು. ಒಬ್ಬನಂತೂ ಇದು ನಮ್ಮಮ್ಮನ ವ್ಯಾಯಾಮ ಎಂದ. ಇರಲಿ ಎಂದೆ.

ಆಮೇಲೆ ವಾರಕ್ಕೆ ನಾಲ್ಕು ದಿನ. ಎರಡು ದಿನ ಸ್ಕ್ವಾಟ್ ಮತ್ತು ಪವರ್ ಕ್ಲೀನ್, ಎರಡು ದಿನ ಬೆಂಚ್ ಪ್ರೆಸ್ ಮತ್ತು ಎಳೆಯುವ ವ್ಯಾಯಾಮ. ವಾರಕ್ಕೆ ಬಾರ್ ಮೇಲೆ ಐದು ಪೌಂಡ್, ಅಂದರೆ ಎರಡು ಕಿಲೋ ಚಿಲ್ಲರೆ ಏರಿಕೆ. ನಾಲ್ಕನೇ ವಾರ ಇಳಿಸಿ ಮೈಗೆ ಬಿಡುವು. ಪವರ್ ಕ್ಲೀನ್ ಅಂದರೆ ನೆಲದ ಮೇಲಿನ ಬಾರನ್ನು ಒಂದೇ ಎಗರಿಗೆ ಹೆಗಲಿಗೆ ತರುವುದು. ಕೈಯಿಂದ ಎತ್ತುವುದು ಅನ್ನಿಸುತ್ತದೆ, ಎತ್ತುವುದು ಸೊಂಟ. ಎದುರಾಳಿಯ ಕೆಳಗೆ ನುಗ್ಗಿ ಎಬ್ಬಿಸುವ ಪಟ್ಟಿನಲ್ಲಿ ಸೊಂಟ ಹೇಗೆ ಸಿಡಿಯುತ್ತದೋ ಹಾಗೆ. ಇದನ್ನು ಕಲಿಸುವುದರಲ್ಲಿ ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ರಬ್ಬರ್ ಹಾಸಿನ ಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಬಾರ್ ಮುಟ್ಟುವ ಮೊದಲು ಹತ್ತು ನಿಮಿಷ ಕೈಕುಸ್ತಿ, ಸೊಂಟ ತಗ್ಗಿಸಿ ತಳ್ಳುವುದು. ಮೊದಲ ಆರೇಳು ವಾರ ಭಾರ ಸರಸರ ಏರಿತು. ಅದು ಸ್ನಾಯು ಬೆಳೆದದ್ದಲ್ಲ, ಇದ್ದ ಸ್ನಾಯುವನ್ನು ಒಟ್ಟಿಗೆ ಬಳಸಲು ನರಗಳು ಕಲಿತದ್ದು. ನಿಜವಾದ ಮೈ ಬರುವುದು ಆಮೇಲೆ, ನಿಧಾನಕ್ಕೆ, ಅದೂ ಹೊಟ್ಟೆಗೆ ಬಿದ್ದರೆ.

ಹೊಟ್ಟೆಯ ವಿಷಯ ನಾನು ಊಹಿಸಿರಲಿಲ್ಲ. ನೂರಹತ್ತು ಕಿಲೋದ ಲೈನ್‌ಮನ್, ಅಂದರೆ ಮುಂಚೂಣಿಯಲ್ಲಿ ನಿಲ್ಲುವ ಹುಡುಗ ಮಾರ್ಚ್ ಆದರೂ ಒಂದು ಕಿಲೋ ಏರಲಿಲ್ಲ. ತಾಲೀಮು ಸರಿಯಿದೆ, ನಿದ್ದೆ ಸರಿಯಿದೆ. ಕೊನೆಗೆ ಗೊತ್ತಾಯಿತು, ಭಾನುವಾರ ಸಂಜೆ ಕಾಲೇಜಿನ ಊಟದ ಹಾಲ್ ಮುಚ್ಚಿರುತ್ತದೆ, ಅವನ ಬಳಿ ಹೊರಗೆ ತಿನ್ನಲು ದುಡ್ಡಿಲ್ಲ. ಸೋಮವಾರ ಬೆಳಿಗ್ಗೆ ಐದೂವರೆಗೆ ನಾನು ಅವನಿಂದ ಸ್ಕ್ವಾಟ್ ಮಾಡಿಸುತ್ತಿದ್ದದ್ದು ಹದಿನೇಳು ಗಂಟೆ ಉಪವಾಸವಿದ್ದ ಮೈಯಲ್ಲಿ. ವಾಕ್-ಆನ್‌ಗಳಲ್ಲಿ ಇಂಥವರು ಇನ್ನೂ ಇದ್ದರು. ತಂಡದವರಿಗೆ ಏನು ಕೊಡಬಹುದು, ಏನು ಕೊಡಬಾರದು ಎಂಬುದಕ್ಕೆಲ್ಲ ನಿಯಮಗಳಿವೆ. ಕೋಚ್ ಕಾಲೇಜಿನ ನಿಯಮಪಾಲನೆಯ ಅಧಿಕಾರಿಯ ಹತ್ತಿರ ಮೂರು ಸಲ ಹೋಗಿಬಂದರು. ಕೊನೆಗೆ ಊಟದ ಹಾಲಿನವರೇ ಒಪ್ಪಿ, ಊಟದ ಕಾರ್ಡ್ ಇದ್ದವರೆಲ್ಲರಿಗೂ ಭಾನುವಾರ ಮಧ್ಯಾಹ್ನವೇ ರಾತ್ರಿಯ ಪೊಟ್ಟಣ ಕಟ್ಟಿಕೊಡತೊಡಗಿದರು. ಹಾಲು, ಬ್ರೆಡ್ಡು, ಶೇಂಗಾ ಬೆಣ್ಣೆ, ಬೇಯಿಸಿದ ಮೊಟ್ಟೆ. ಆಗಸ್ಟ್ ಹೊತ್ತಿಗೆ ಆ ಹುಡುಗ ನೂರಹದಿನೆಂಟು ಕಿಲೋ ತೂಗಿದ. ನನ್ನ ಇಡೀ ಕಾರ್ಯಕ್ರಮದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಬದಲಾವಣೆ ಯಾವುದು ಎಂದು ಕೇಳಿದರೆ ನಾನು ಆ ಪೊಟ್ಟಣವನ್ನೇ ಹೇಳುತ್ತೇನೆ.

ಈ ಮಧ್ಯೆ ಸಹಾಯಕ ಕೋಚ್‌ಗಳು ಕಾರು ಹತ್ತಿ ಊರೂರು ಸುತ್ತುತ್ತಿದ್ದರು. ಬಟ್ಲರ್, ಹಚಿನ್ಸನ್, ಕಾಫೀವಿಲ್‌ನಂಥ ಎರಡು ವರ್ಷದ ಜೂನಿಯರ್ ಕಾಲೇಜುಗಳಿಗೆ ಕಾನ್ಸಸ್ ಹೆಸರುವಾಸಿ. ದೊಡ್ಡ ತಂಡಗಳಿಗೆ ಅಂಕ ಸಾಲದೆ ಬಂದ ಒಳ್ಳೆಯ ಆಟಗಾರರು ಅಲ್ಲಿರುತ್ತಾರೆ. ಅಲ್ಲಿಂದ ಕರೆತಂದವರಲ್ಲಿ ಕೆಲವರು ನಮ್ಮನ್ನು ಗೆಲ್ಲಿಸಿದರು, ಕೆಲವರು ಒಂದೇ ಸೆಮಿಸ್ಟರಿಗೆ ಹೊರಟುಹೋದರು. ಅದರ ಬಗ್ಗೆ ನಾನು ಹೆಚ್ಚು ಹೇಳಲಾರೆ, ಅದು ನನ್ನ ಕೆಲಸವಾಗಿರಲಿಲ್ಲ. ನನ್ನದು ಹುಡುಗ ಮತ್ತು ಅವನ ಮನೆಯವರು ಕಾಲೇಜು ನೋಡಲು ಬಂದಾಗ ವೇಟ್ ರೂಮ್ ತೋರಿಸುವುದು.

ಹಳ್ಳಿಯವರು ಬಂದಾಗ ನನಗೆ ಸಲೀಸಾಗುತ್ತಿತ್ತು. ಪಶ್ಚಿಮ ಕಾನ್ಸಸ್‌ನಲ್ಲಿ ಎಷ್ಟೋ ಹೈಸ್ಕೂಲುಗಳಿಗೆ ಹನ್ನೊಂದು ಆಟಗಾರರನ್ನು ಹೊಂದಿಸುವಷ್ಟೂ ಮಕ್ಕಳಿಲ್ಲ. ಅಲ್ಲಿ ಎಂಟು ಜನರ ಫುಟ್‌ಬಾಲ್ ಆಡುತ್ತಾರೆ. ಊರೆಂದರೆ ಧಾನ್ಯ ತುಂಬುವ ಬಿಳಿಯ ಎಲಿವೇಟರ್ ಗೋಪುರ, ಒಂದು ಚರ್ಚು, ಒಂದು ಶಾಲೆ. ಹಾಗೊಬ್ಬ ಬಂದ. ಅವನ ತರಗತಿಯಲ್ಲಿ ಒಟ್ಟು ಒಂಬತ್ತು ಮಕ್ಕಳಂತೆ. ಅಗಲ ಬೆನ್ನು, ಆದರೆ ತೂಕ ತೊಂಬತ್ತೆಂಟು ಕಿಲೋ. ಲೈನ್‌ಗೆ ತೀರಾ ಕಡಿಮೆ. ಹಣ ಕೊಡಲಾಗುವುದಿಲ್ಲ, ಬೇಕಾದರೆ ವಾಕ್-ಆನ್ ಆಗಿ ಬಾ ಎಂದರು ಸಹಾಯಕ ಕೋಚ್. ಹುಡುಗ ತಲೆಯಾಡಿಸಿದ. ಅವನ ಅಪ್ಪ ನನ್ನ ಕೈ ಕುಲುಕಿದಾಗ ಅಂಗೈಯ ಬಿರುಕು ತಾಗಿತು. 'ನಿಮ್ಮೂರಲ್ಲಿ ಏನು ಬೆಳೀತಾರೆ?' ಅಂದರು. ಭತ್ತ, ಮೆಕ್ಕೆಜೋಳ ಎಂದೆ. ಮೆಕ್ಕೆಜೋಳ ಅಂದದ್ದೇ ತಡ, ಎಕರೆಗೆ ಎಷ್ಟು, ನೀರು ಎಲ್ಲಿಂದ, ಬೆಲೆ ಯಾರು ಕಟ್ಟುತ್ತಾರೆ ಎಂದು ಅರ್ಧ ಗಂಟೆ. ಭದ್ರಾ ನಾಲೆಯ ಕಥೆ ಹೇಳಿದೆ. ಅವರು ನೆಲದಡಿಯ ಒಗಲಾಲ ಜಲಪದರ ವರ್ಷವರ್ಷಕ್ಕೆ ಇಳಿಯುತ್ತಿರುವ ಚಿಂತೆ ಹೇಳಿದರು. ಮಗನ ಆಟದ ಬಗ್ಗೆ ಕೇಳಿದ್ದು ಹೊರಡುವಾಗ, ಒಂದೇ ಪ್ರಶ್ನೆ. 'ಅವನು ಕೆಲಸಕ್ಕೆ ಹೆದರೋನಲ್ಲ. ಅವನಿಗೆ ಕೆಲಸ ಕೊಡ್ತೀರಾ?'

ಕೊಟ್ಟೆವು. ಆದರೆ ಕೊಟ್ಟ ರೀತಿಯಲ್ಲಿ ಒಂದು ತಪ್ಪಿತ್ತು, ಆ ತಪ್ಪು ನನ್ನದು.

2013ರ ಆಗಸ್ಟ್‌ನಲ್ಲಿ ವಾಕ್-ಆನ್ ಆಯ್ಕೆಗೆ ನಲವತ್ತರಷ್ಟು ಜನ ಬಂದು ಹದಿನೆಂಟು ಜನ ಉಳಿದರು. ಕೋಣೆ ಸಣ್ಣದು, ಎಲ್ಲರೂ ಒಟ್ಟಿಗೆ ಹಿಡಿಸರು. ಪಾಳಿಯ ಪಟ್ಟಿ ಬರೆದವನು ನಾನು. ವಿದ್ಯಾರ್ಥಿವೇತನದವರಿಗೆ ಮಧ್ಯಾಹ್ನ, ವಾಕ್-ಆನ್‌ಗಳಿಗೆ ಬೆಳಿಗ್ಗೆ ಐದೂವರೆ. ದುಡ್ಡು ಹಾಕಿದ ಕಡೆ ನಿಗಾ ಹೆಚ್ಚಿರಲಿ ಎನ್ನುವ ಲೆಕ್ಕ. ಬೇರೆ ಯೋಚನೆ ಮಾಡಲಿಲ್ಲ. ಮೈದಾನದಲ್ಲೂ ವಾಕ್-ಆನ್‌ಗಳ ಪಾಲಿಗೆ ಸ್ಕೌಟ್ ತಂಡದ ಕೆಲಸ. ಮುಂದಿನ ಶನಿವಾರ ಎದುರಾಗುವ ತಂಡದಂತೆ ನಟಿಸಿ, ವಾರವಿಡೀ ನಮ್ಮ ಮುಖ್ಯ ಆಟಗಾರರಿಂದ ಗುದ್ದಿಸಿಕೊಳ್ಳುವುದು. ಪರ ಊರಿನ ಪಂದ್ಯಕ್ಕೆ ಬಸ್ಸಿನಲ್ಲಿ ಜಾಗ ಇರುತ್ತಿರಲಿಲ್ಲ. ಅಂಥ ಶನಿವಾರಗಳಲ್ಲಿ ಅವರು ವೇಟ್ ರೂಮಿಗೆ ಬಂದು ರೇಡಿಯೋ ಹಾಕಿಕೊಂಡು ಪಂದ್ಯ ಕೇಳುತ್ತಾ ತಾಲೀಮು ಮಾಡುತ್ತಿದ್ದರು. ನಾನು ಬಸ್ಸಿನಲ್ಲಿರುತ್ತಿದ್ದೆ, ನನಗೆ ಇದು ಗೊತ್ತಾದದ್ದು ಅಕ್ಟೋಬರಿನಲ್ಲಿ. ಆ ಸೀಸನ್ ಗೆದ್ದದ್ದು ಎರಡು ಪಂದ್ಯ.

ಸೀಸನ್ ಮುಗಿದ ಮೇಲೆ ಕೋಚ್ ನನ್ನ ಹಾಜರಿ ಪುಸ್ತಕ ತರಿಸಿಕೊಂಡರು. ಒಂದು ಗಂಟೆ ತಿರುವಿ ಹಾಕಿದರು. ಮಧ್ಯಾಹ್ನದ ಪಾಳಿಯಲ್ಲಿ ಗೈರುಹಾಜರಿಯ ಗುರುತು ಪುಟಕ್ಕೆ ಹತ್ತು ಹನ್ನೆರಡು. ಬೆಳಗಿನ ಪಾಳಿಯಲ್ಲಿ ಇಡೀ ಶರತ್ಕಾಲಕ್ಕೆ ಏಳು. 'ನಿನ್ನ ಒಳ್ಳೆ ಹುಡುಗರನ್ನ ಕತ್ತಲೆಯಲ್ಲಿ ಬಚ್ಚಿಟ್ಟಿದ್ದೀಯ' ಅಂದರು. ಬೈಗುಳದ ದನಿ ಇರಲಿಲ್ಲ, ಅದಕ್ಕೇ ಹೆಚ್ಚು ತಟ್ಟಿತು. ಗರಡಿಯಲ್ಲಿ ಸಾಹುಕಾರರ ಮಗನೂ ಹಮಾಲರ ಮಗನೂ ಒಂದೇ ಮಟ್ಟಿಯಲ್ಲಿ ಒಂದೇ ಹೊತ್ತಿಗೆ ಇಳಿಯಬೇಕು ಅನ್ನುವುದು ಅಜ್ಜನ ಕಟ್ಟು. ಮಟ್ಟಿಗೆ ಇಳಿದ ಮೇಲೆ ಮೈಗೆ ಮೆತ್ತುವ ಮಣ್ಣು ಎಲ್ಲರಿಗೂ ಒಂದೇ ಬಣ್ಣ. ಅದನ್ನು ನೋಡುತ್ತಲೇ ಬೆಳೆದವನು ನಾನು. ಆ ಪಟ್ಟಿ ಬರೆಯುವಾಗ ಅದು ಯಾಕೆ ನೆನಪಾಗಲಿಲ್ಲ ಅನ್ನುವುದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಅವತ್ತು ರಾತ್ರಿ ಊರಿಗೆ ಫೋನ್ ಮಾಡಿ ಅಜ್ಜನಿಗೆ ಹೇಳಿದೆ. ಅವರಿಗೆ ಆಗಲೇ ಕಿವಿ ಮಂದ. ಎರಡು ಸಲ ಹೇಳಿಸಿಕೊಂಡು, 'ಜೋಡಿ ಬದಲಾಯಿಸಪ್ಪ, ಪಟ್ಟಿ ಅಲ್ಲ' ಅಂದರು.

ಪಾಳಿ ಮೂರು ಮಾಡಿದೆವು, ಮೂರರಲ್ಲೂ ಎಲ್ಲರೂ ಬೆರೆತಿರಬೇಕು. ಅಜ್ಜ ಹೇಳಿದ ಹಾಗೆ ಒಂದೊಂದು ರ‍್ಯಾಕ್‌ಗೂ ಜೋಡಿ ಕಟ್ಟಿದೆ. ಪೂರ್ತಿ ವಿದ್ಯಾರ್ಥಿವೇತನದವನ ಎದುರು ಒಬ್ಬ ವಾಕ್-ಆನ್. ಒಬ್ಬ ಎತ್ತುವಾಗ ಇನ್ನೊಬ್ಬ ಹಿಂದೆ ನಿಂತು ಬಾರ್ ಕಾಯಬೇಕು. ಒಬ್ಬ ಬರದಿದ್ದರೆ ಇನ್ನೊಬ್ಬನ ತಾಲೀಮು ನಿಲ್ಲುತ್ತದೆ. ಮೊದಲ ಎರಡು ವಾರ ಹದ ಕೆಟ್ಟ ಹಾಗೇ ಇತ್ತು. ಒಂದು ದಿನ ನಮ್ಮ ಅತ್ಯುತ್ತಮ ಡಿಫೆನ್ಸಿವ್ ಆಟಗಾರ ಬರಲಿಲ್ಲ. ಅವನ ಜೋಡಿ, ಅದೇ ಎಂಟು ಜನರ ಆಟದ ಊರಿನ ಹುಡುಗ, ಹಿಮದಲ್ಲಿ ಹಾಸ್ಟೆಲ್ ತನಕ ನಡೆದು ಹೋಗಿ ಬಾಗಿಲು ಬಡಿದು ಎಬ್ಬಿಸಿಕೊಂಡು ಬಂದ. ಒಳಗೆ ಬಂದಾಗ ಇಬ್ಬರೂ ಮಾತಾಡುತ್ತಿರಲಿಲ್ಲ. ಬಾರ್ ಮೇಲೆ ಪ್ಲೇಟ್ ಹಾಕಿಕೊಂಡು ಶುರು ಮಾಡಿದರು. ಆಮೇಲೆ ಅವನನ್ನು ಎಬ್ಬಿಸುವ ಪ್ರಮೇಯ ಬರಲಿಲ್ಲ.

ಆ ಚಳಿಗಾಲದಲ್ಲಿ ಹುಡುಗ ನೂರಹದಿಮೂರು ಕಿಲೋಗೆ ಬಂದ. ಸ್ಕ್ವಾಟ್‌ನಲ್ಲಿ ಎತ್ತಿದ್ದು ನೂರತೊಂಬತ್ತು ಕಿಲೋ. ವಸಂತದ ಹದಿನೈದು ಅಭ್ಯಾಸಗಳಲ್ಲಿ ಅವನನ್ನು ಸೆಂಟರ್ ಜಾಗಕ್ಕೆ ಹಾಕಿ ನೋಡಿದರು. ಎದುರಿಗೆ ನಿಲ್ಲುತ್ತಿದ್ದವನು ಅದೇ ಜೋಡಿ. ಹೈಸ್ಕೂಲಿನಲ್ಲಿ ಕುಸ್ತಿಯನ್ನೂ ಆಡಿದ್ದವನು ಈ ಹುಡುಗ, ಅದಕ್ಕೇ ಎದುರಾಳಿಯ ಕೈ ಒಳಗೆ ಬರುವ ಮೊದಲೇ ಮಣಿಕಟ್ಟು ಹಿಡಿದು ಮುರಿಯುವುದು ಅವನಿಗೆ ಬೇಗ ಒಲಿಯಿತು. ಸೊಂಟ ಮೇಲೇಳದ ಸೆಂಟರ್ ಅಂತ ಒಬ್ಬನನ್ನು ನಾನು ಆ ಕಾಲೇಜಿನಲ್ಲಿ ಮೊದಲ ಬಾರಿಗೆ ನೋಡಿದೆ.

2014ರ ಆಗಸ್ಟ್‌ನ ತಂಡದ ಸಭೆಯಲ್ಲಿ ಕೋಚ್ ಮಾಮೂಲಿ ವಿಷಯಗಳನ್ನೆಲ್ಲ ಮುಗಿಸಿ, ಕೊನೆಗೆ ಒಂದು ಹಾಳೆ ತೆಗೆದು ಮೂರು ಹೆಸರು ಓದಿದರು. ಇವರು ಇನ್ನು ವಾಕ್-ಆನ್‌ಗಳಲ್ಲ. ಕೊಟ್ಟದ್ದು ಅರ್ಧ ಫೀಸು ಮತ್ತು ಪುಸ್ತಕದ ಹಣ, ಅಷ್ಟೇ. ಆದರೆ ಆ ಕೋಣೆಯಲ್ಲಿ ಎದ್ದ ಸದ್ದು ಯಾವ ಗೆಲುವಿಗೂ ಎದ್ದಿರಲಿಲ್ಲ. ಮೊದಲು ಎದ್ದು ನಿಂತವನು ಡಿಫೆನ್ಸಿವ್ ಜೋಡಿಗಾರ. ಹುಡುಗ ವೇಟ್ ರೂಮಿಗೆ ಬಂದು ಅಪ್ಪನಿಗೆ ಫೋನ್ ಹಚ್ಚಿದ. ಅಪ್ಪ ಗೋಧಿ ಬಿತ್ತನೆಗೆ ಹೊಲ ಹಸನು ಮಾಡುತ್ತಿದ್ದರಂತೆ, ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಇವನು ಮತ್ತೆ ಮತ್ತೆ ಹೇಳುತ್ತಿದ್ದ. ಆಮೇಲೆ ಟ್ರ್ಯಾಕ್ಟರ್ ನಿಂತಿತು. ನಾನು ಹೊರಗೆ ಹೋದೆ.

ಆ ಸೀಸನ್ ಆರು ಗೆದ್ದು ಐದು ಸೋತೆವು. ಪ್ರಶಸ್ತಿ ಏನೂ ಬರಲಿಲ್ಲ. ನನಗೆ ಮರೆಯದಿರುವುದು ನವೆಂಬರಿನ ಒಂದು ಪಂದ್ಯದ ಕೊನೆಯ ಒಂಬತ್ತು ನಿಮಿಷ. ಮೂರು ಅಂಕ ಮುಂದಿದ್ದೆವು, ಚೆಂಡು ನಮ್ಮ ಕೈಯಲ್ಲಿತ್ತು, ಎಂಬತ್ತೆರಡು ಗಜ ದೂರ. ಕೋಚ್ ಒಂದೂ ಪಾಸ್ ಎಸೆಯಲಿಲ್ಲ. ಓಟ, ಓಟ, ಮತ್ತೆ ಓಟ. ನಾಲ್ಕು ಗಜ, ಮೂರು ಗಜ, ಐದು ಗಜ. ಎದುರಿನ ಸಾಲಿನವರು ಒಂದೊಂದು ಆಟದ ನಡುವೆ ಸೊಂಟದ ಮೇಲೆ ಕೈಯಿಟ್ಟು ಬಾನು ನೋಡತೊಡಗಿದರು. ಎರಡು ವರ್ಷದ ಹಿಂದೆ ಹಾಗೆ ನಿಲ್ಲುತ್ತಿದ್ದವರು ನಾವು. ನಮ್ಮ ಐವರು ಬಾಗಿದರು, ಎದ್ದರು, ಬಾಗಿದರು. ಎದುರಾಳಿಗಳಿಗೆ ಚೆಂಡು ಮತ್ತೆ ಸಿಗಲೇ ಇಲ್ಲ. ಆ ಐವರಲ್ಲಿ ಮೂವರು ಕರೆಯದೇ ಬಂದವರು.

2015ರ ಬೇಸಿಗೆಯಲ್ಲಿ ನಾನು ಊರಿಗೆ ಮರಳಿದೆ. ಈಗ ಬೆಂಗಳೂರಿನಲ್ಲಿ ಕಬಡ್ಡಿ, ಕುಸ್ತಿ ಹುಡುಗರಿಗೆ ತಾಲೀಮು ಮಾಡಿಸುತ್ತೇನೆ. ಅಲ್ಲಿನ ಸುದ್ದಿ ಬಿಟ್ಟಿಲ್ಲ. ಕಾಲೇಜು ಆಟಗಾರರು ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ, ಅದಕ್ಕೆ ಸೇರಿದ ಮೊದಲ ಡಿವಿಷನ್ನಿನ ತಂಡಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ, ತಂಡದ ಒಟ್ಟು ಸಂಖ್ಯೆಗೇ 105ರ ಮಿತಿ ಬಂದಿದೆ. ಆಟಗಾರರಿಗೆ ಕಾಲೇಜುಗಳೇ ಹಣ ಕೊಡಬಹುದಾಗಿದೆ, ಅದು ನ್ಯಾಯವೇ. ಆದರೆ ಹಿಂದೆ ಎಷ್ಟು ಬೇಕಾದರೂ ವಾಕ್-ಆನ್‌ಗಳಿಗೆ ತೆರೆದಿದ್ದ ಬಾಗಿಲು ಕಿರಿದಾಯಿತು. ಆ ಸುದ್ದಿ ಓದಿದ ದಿನ ನನಗೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ.

ಅದೇ ವಾರ ನಮ್ಮ ಆ ಸೆಂಟರ್ ಹುಡುಗನ ಫೋನ್ ಬಂತು. ಈಗ ಅವನು ಪಶ್ಚಿಮ ಕಾನ್ಸಸ್‌ನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಎಂಟು ಜನರ ತಂಡದ ಕೋಚ್. ಹಿಂದಿನ ವರ್ಷ ಒಂದೂ ಪಂದ್ಯ ಗೆದ್ದಿರದ ತಂಡವಂತೆ. ಹದಿನಾಲ್ಕು ಹುಡುಗರಿದ್ದಾರೆ, ರ‍್ಯಾಕ್ ಒಂದೇ ಇದೆ, ಬಾರ್‌ಗೆ ತುಕ್ಕು ಹಿಡಿದಿದೆ, ಎಲ್ಲಿಂದ ಶುರು ಮಾಡಲಿ ಎಂದ. ರಾತ್ರಿ ಕೂತು ಕಾರ್ಡ್ ಬರೆದು ಫೋಟೋ ಕಳಿಸಿದೆ. ಶನಿವಾರ: ತಂತಿ ಬ್ರಷ್, ಎಣ್ಣೆ, ಬಂದವರ ಹೆಸರು ಬರೆದಿಡು. ಸೋಮವಾರ: ಬೆಳಿಗ್ಗೆ ಏನು ತಿಂದು ಬಂದಿರಿ ಅಂತ ಒಬ್ಬೊಬ್ಬರನ್ನೂ ಕೇಳು. ಆಮೇಲೆ ಜೋಡಿ ಕಟ್ಟು. ಮೊದಲ ವಾರ ಅರ್ಧ ಭಾರ, ಎರಡು ಸುತ್ತು, ಐದೈದು ಸಲ, ಅದಕ್ಕಿಂತ ಒಂದೂ ಹೆಚ್ಚು ಬೇಡ.